ವಿಳಾಸ ಪುಸ್ತಕ ಒಂದೇ ಇರಲಿ



ನಮ್ಮ ಸಂಘಗಳ ಸದಸ್ಯರ ಹೆಸರು, ಊರು, ಫೋನ್ ನಂಬರ್ ಎಲ್ಲೆಲ್ಲಿ ಬರೆದಿದೆ ಅಂತ ಒಮ್ಮೆ ಯೋಚನೆ ಮಾಡಿ ನೋಡಿ. ಸಂಘದ ಸದಸ್ಯತ್ವ ಪುಸ್ತಕದಲ್ಲಿ ಇದೆ. ಪ್ರೇರಕಿಯ ಮೊಬೈಲ್‌ನಲ್ಲಿ ಇದೆ. ಒಕ್ಕೂಟದ ಅಧ್ಯಕ್ಷೆಯ ಡೈರಿಯಲ್ಲಿ ಇದೆ. ಕಚೇರಿಯ ಕಂಪ್ಯೂಟರ್‌ನಲ್ಲಿ ಹೊಲಿಗೆ ತರಬೇತಿಗೆ ಒಂದು ಪಟ್ಟಿ, ವಿಮೆಗೆ ಒಂದು ಪಟ್ಟಿ, ಮಹಿಳಾ ದಿನಾಚರಣೆಗೆ ಮತ್ತೊಂದು ಪಟ್ಟಿ. ಒಬ್ಬರೇ ಸದಸ್ಯೆ ಆರು ಕಡೆ ಇದ್ದಾರೆ. ಆರೂ ಕಡೆ ಅವರ ಹೆಸರು ಒಂದೇ ಥರ ಇಲ್ಲ, ನಂಬರ್ ಕೂಡ ಒಂದೇ ಇಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪಟ್ಟಿಗಳನ್ನು ಒಂದುಗೂಡಿಸಿ, ಆ ಒಂದು ಪಟ್ಟಿಯನ್ನು ಕಚೇರಿಯಲ್ಲಿ ಪತ್ರ ಬರೆಯುವ ತಂತ್ರಾಂಶಕ್ಕೆ ಜೋಡಿಸಬೇಕೆಂದು ನಾವು ಯೋಜನೆ ಹಾಕಿಕೊಂಡಿದ್ದೇವೆ. "ಇದು ಕಂಪ್ಯೂಟರ್‌ನವರ ಕೆಲಸ, ನಮಗ್ಯಾಕೆ ಸಿಸ್ಟರ್?" ಅಂತ ನೀವು ಕೇಳಬಹುದು. ಕಂಪ್ಯೂಟರ್‌ನಲ್ಲಿ ಆಗುವ ಜೋಡಣೆ ಒಂದು ದಿನದ ಕೆಲಸ. ಅದಕ್ಕೆ ಮುಂಚೆ ಸಂಘದ ಸಭೆಯಲ್ಲಿ ನೀವೆಲ್ಲ ಕೂತು ಮಾಡಬೇಕಾದ ಕೆಲಸವೇ ದೊಡ್ಡದು. ಅದನ್ನು ವಿವರಿಸುವುದಕ್ಕೇ ಈ ಲೇಖನ.

ಮೇ ತಿಂಗಳ ಪತ್ರ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸದಸ್ಯರು ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. ಇದರ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. 2022ರ ಜೂನ್‌ನಿಂದ ಕಂತು 436 ರೂಪಾಯಿ ಆಗಿದೆ. ಈ ಹಣವನ್ನು ಬ್ಯಾಂಕಿನವರು ಖಾತೆಯಿಂದ ತಾವೇ ಕಡಿದುಕೊಳ್ಳುತ್ತಾರೆ. ಆ ದಿನ ಖಾತೆಯಲ್ಲಿ 436 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಯಾರೂ ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ.

ಹಾಗಾಗಿ ಮೇ ತಿಂಗಳ ಮೊದಲ ವಾರದಲ್ಲಿ ಕಚೇರಿಯಿಂದ ಒಂದು ಪತ್ರ ಹೋಗಬೇಕು, "ಖಾತೆಯಲ್ಲಿ ಹಣ ಇಟ್ಟಿರಿ" ಅಂತ. ಎಲ್ಲರಿಗೂ ಅಲ್ಲ, ಈ ವಿಮೆ ಮಾಡಿಸಿದವರಿಗೆ ಮಾತ್ರ. ಹೊಸದಾಗಿ ಸೇರಲು ಅರ್ಹರಾದ 18ರಿಂದ 50 ವರ್ಷದೊಳಗಿನವರಿಗೆ ಬೇರೆ ಪತ್ರ. ಕೈಯಲ್ಲಿ ವಿಳಾಸ ಬರೆದು ಕಳಿಸಿದರೆ ನಾಲ್ಕು ತಾಲ್ಲೂಕು ಮುಗಿಯುವ ಹೊತ್ತಿಗೆ ಜೂನ್ ಬಂದಿರುತ್ತದೆ. ಹಳೇ ಪಟ್ಟಿ ನೋಡಿ ಕಳಿಸಿದರೆ ಗಂಡನ ಊರು ಬಿಟ್ಟು ತವರಿಗೆ ಬಂದವರಿಗೆ ಪತ್ರ ಸಿಗುವುದಿಲ್ಲ. ಆ ವರ್ಷವೇ ಆ ಮನೆಯಲ್ಲಿ ಏನಾದರೂ ಆದರೆ, ಮಕ್ಕಳ ಕೈಗೆ ಬರಬೇಕಾದ 2 ಲಕ್ಷ ಬರುವುದಿಲ್ಲ. ವಿಳಾಸ ಸರಿ ಇಲ್ಲದ್ದಕ್ಕೆ ಇಷ್ಟು ಬೆಲೆ.

ಜೋಡಿಸುವುದು ಅಂದರೆ ಏನು?

ನಿಮ್ಮ ಮೊಬೈಲ್‌ನಲ್ಲಿ 'ಕಾಂಟ್ಯಾಕ್ಟ್ಸ್' ಅಂತ ಇರುತ್ತದೆ. ಅದೇ ಫೋನಿನ ವಿಳಾಸ ಪುಸ್ತಕ. ನೀವು ಕರೆ ಮಾಡುವಾಗಲೂ ಅದನ್ನೇ ನೋಡುತ್ತೀರಿ, ಮೆಸೇಜ್ ಕಳಿಸುವಾಗಲೂ ಅದನ್ನೇ. ಪುಸ್ತಕ ಒಂದು, ಬಳಸುವ ಕಡೆ ಹಲವು. ಕಂಪ್ಯೂಟರ್‌ನಲ್ಲೂ ಹೀಗೇ ಒಂದು ವಿಳಾಸ ಪುಸ್ತಕ ಇಟ್ಟು, ಪತ್ರ ಬರೆಯುವ ತಂತ್ರಾಂಶಕ್ಕೆ "ಹೆಸರು ವಿಳಾಸ ಬೇಕಾದಾಗ ಇಲ್ಲಿಂದ ತಗೋ" ಅಂತ ತೋರಿಸಿಕೊಡುವುದೇ ಜೋಡಣೆ.

ಊರಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಒಂದೇ ಇದ್ದು ಮನೆಮನೆಗೆ ನಲ್ಲಿ ಇದ್ದರೆ, ಟ್ಯಾಂಕ್ ತೊಳೆದ ದಿನ ಎಲ್ಲರ ಮನೆಗೂ ಶುದ್ಧ ನೀರು. ಅದೇ ನೀರನ್ನು ಪ್ರತಿ ಮನೆಯಲ್ಲೂ ಕೊಡದಲ್ಲಿ ತುಂಬಿಟ್ಟುಕೊಂಡಿದ್ದರೆ ಒಂದೊಂದು ಕೊಡವನ್ನೂ ಬೇರೆ ಬೇರೆ ತೊಳೆಯಬೇಕು. ಪಟ್ಟಿಯನ್ನು ಪ್ರತಿ ಕೆಲಸಕ್ಕೂ ನಕಲು ಮಾಡಿಕೊಳ್ಳುವುದು ಕೊಡದ ಲೆಕ್ಕ. ಜೋಡಿಸುವುದು ನಲ್ಲಿಯ ಲೆಕ್ಕ. ಸದಸ್ಯೆಯ ನಂಬರ್ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು, ಆಮೇಲೆ ಪ್ರಿಂಟ್ ಆಗುವ ಎಲ್ಲಾ ಪತ್ರಗಳಲ್ಲೂ ಹೊಸದೇ ಬರುತ್ತದೆ.

ಇದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ಲಿಬ್ರೆಆಫೀಸ್ ಎಂಬುದು ಉಚಿತ. 2002ರಲ್ಲಿ ಮೊದಲ ಆವೃತ್ತಿ ಬಂದ ಓಪನ್ಆಫೀಸ್ ಎಂಬ ತಂತ್ರಾಂಶದಿಂದ ಕವಲೊಡೆದು, 2010ರಿಂದ ಬೇರೆಯಾಗಿ ಬೆಳೆದದ್ದು ಇದು. ಇದರ ಫೈಲ್ ಮೆನುವಿನಲ್ಲಿ ವಿಝಾರ್ಡ್ಸ್ ಅಂತ ಇದೆ, ಅದರೊಳಗೆ 'ಅಡ್ರೆಸ್ ಡೇಟಾ ಸೋರ್ಸ್' ಅಂತ ಇದೆ. ಅಲ್ಲಿ ಕಂಪ್ಯೂಟರ್‌ನಲ್ಲಿರುವ ವಿಳಾಸ ಪುಸ್ತಕವನ್ನಾಗಲೀ ನಾವೇ ಮಾಡಿದ ಸ್ಪ್ರೆಡ್‌ಶೀಟ್ ಪಟ್ಟಿಯನ್ನಾಗಲೀ ತೋರಿಸಬಹುದು. ಆಮೇಲೆ ಪತ್ರದಲ್ಲಿ ಹೆಸರು ಬರಬೇಕಾದ ಜಾಗಕ್ಕೆ 'ಹೆಸರು' ಎಂಬ ಕಾಲಂ, ಊರು ಬರಬೇಕಾದ ಜಾಗಕ್ಕೆ 'ಊರು' ಎಂಬ ಕಾಲಂ ಎಳೆದು ಕೂರಿಸಿದರೆ, ಒಂದೇ ಪತ್ರ ನೂರು ಹೆಸರಿನಲ್ಲಿ ನೂರು ಪ್ರತಿ ಆಗಿ ಪ್ರಿಂಟ್ ಆಗುತ್ತದೆ. ಮೇಲ್ ಮರ್ಜ್ ಅಂತ ಇದಕ್ಕೆ ಹೆಸರು. ಮೈಕ್ರೋಸಾಫ್ಟ್ ವರ್ಡ್‌ನಲ್ಲೂ ಇದೇ ಕೆಲಸ 'ಮೇಲಿಂಗ್ಸ್' ಎಂಬಲ್ಲಿ ಆಗುತ್ತದೆ.

ನಾವು ಸ್ಪ್ರೆಡ್‌ಶೀಟ್ ಪಟ್ಟಿಯನ್ನೇ ಆರಿಸಿಕೊಂಡಿದ್ದೇವೆ. ಕಾರಣ ಸರಳ. ಅದನ್ನು ಒಕ್ಕೂಟದ ಯಾವ ಪುಸ್ತಕ ಬರಹಗಾರ್ತಿ ಬೇಕಾದರೂ ತೆರೆದು ಓದಬಹುದು, ಪ್ರಿಂಟ್ ತೆಗೆದು ಸಭೆಯಲ್ಲಿ ಹಿಡಿದು ಕೂರಬಹುದು.

ಹೆಸರಿನ ತೊಡಕು

ಈ ತಂತ್ರಾಂಶಗಳು ಹುಟ್ಟಿದ್ದು ಹೊರದೇಶದಲ್ಲಿ. ವಿಳಾಸ ಪುಸ್ತಕ ತೆರೆದರೆ ಅದು ಕೇಳುವುದು 'ಫಸ್ಟ್ ನೇಮ್', 'ಲಾಸ್ಟ್ ನೇಮ್'. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಲಾಸ್ಟ್ ನೇಮ್ ಎಲ್ಲಿಂದ ತರೋದು? ನಮ್ಮ ಹಳೇ ಮೈಸೂರು ಸೀಮೆಯ ಕಾಗದಪತ್ರಗಳಲ್ಲಿ 'ಲಕ್ಷ್ಮಮ್ಮ ಕೋಂ ಚಿಕ್ಕೇಗೌಡ' ಅಂತ ಬರೆಯುವುದು ರೂಢಿ. ಕೋಂ ಅಂದರೆ ಇಂಥವರ ಹೆಂಡತಿ, ಬಿನ್ ಅಂದರೆ ಇಂಥವರ ಮಗ. ಪಹಣಿಯಲ್ಲಿ, ಸಾಲದ ಪತ್ರದಲ್ಲಿ ಇವತ್ತಿಗೂ ಹೀಗೇ ಇದೆ. ಕಂಪ್ಯೂಟರ್ ಪುಸ್ತಕದಲ್ಲಿ ಕೋಂ ಎಂಬುದಕ್ಕೆ ಮನೆಯೇ ಇಲ್ಲ. ಅದಕ್ಕೆ ನಮ್ಮ ಪಟ್ಟಿಯಲ್ಲಿ ಲಾಸ್ಟ್ ನೇಮ್ ಬಿಟ್ಟು ಎರಡು ಕಾಲಂ ಇಡುತ್ತಿದ್ದೇವೆ. ಒಂದು, ಸದಸ್ಯೆಯ ಹೆಸರು. ಇನ್ನೊಂದು, ಗುರುತಿಗೆ ಜೊತೆ ಹೆಸರು.

ಈ ಎರಡನೇ ಕಾಲಂ ಬಗ್ಗೆ ಒಂದು ಮಾತು. ಅದರಲ್ಲಿ ಗಂಡನ ಹೆಸರೇ ಇರಬೇಕು ಅಂತ ಏನಿಲ್ಲ. ಗಂಡನಿಂದ ದೂರ ಇರುವವರು, ಮದುವೆ ಆಗದವರು, ವಿಧವೆಯರು ನಮ್ಮ ಸಂಘಗಳಲ್ಲಿ ಇದ್ದಾರೆ. ತಾಯಿ ಹೆಸರು ಕೊಡಬಹುದು, ತಂದೆ ಹೆಸರು ಕೊಡಬಹುದು, ಖಾಲಿಯೂ ಬಿಡಬಹುದು. ಏನು ಬರೆಯಬೇಕೆಂದು ಆ ಸದಸ್ಯೆಯೇ ಹೇಳಬೇಕು, ಪಕ್ಕದಲ್ಲಿ ಕೂತವರು ಹೇಳುವುದಲ್ಲ. ಪತ್ರದ ಲಕೋಟೆಯ ಮೇಲೆ ಬಿಟ್ಟುಹೋದವನ ಹೆಸರು ನೋಡಬೇಕಾದ ಕಷ್ಟ ಯಾರಿಗೂ ಬೇಡ.

ಇನ್ನು ಕಾಗುಣಿತ. ಲಕ್ಷ್ಮಮ್ಮ, ಲಕ್ಷಮ್ಮ, ಲಕ್ಕಮ್ಮ ಈ ಮೂವರೂ ಒಬ್ಬರೇ ಅಂತ ಊರಿನವರಿಗೆ ಗೊತ್ತು. ಕಂಪ್ಯೂಟರ್‌ಗೆ ಇವರು ಮೂರು ಜನ. ಹೆಸರಿನ ಹಿಂದೆ ಮುಂದೆ ಒಂದು ಖಾಲಿ ಜಾಗ ಬಿದ್ದರೂ ಅದು ಬೇರೆಯವರೆಂದೇ ತಿಳಿಯುತ್ತದೆ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾದಾಗ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದವರು ಎಷ್ಟು ಅಲೆದಾಡಿದರು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ನಮ್ಮ ಪಟ್ಟಿಗೆ ಪಾಸ್‌ಬುಕ್ಕಿನಲ್ಲಿರುವ ಹಾಗೆಯೇ ಹೆಸರು ಬರೆಯೋಣ. ಊರಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದಕ್ಕೂ ಒಂದು ಕಾಲಂ ಇರಲಿ, ಪೋಸ್ಟ್‌ಮ್ಯಾನ್‌ಗೆ ಬೇಕಾಗುವುದು ಅದೇ.

ಹೆಸರು ಎಷ್ಟೇ ಸರಿ ಬರೆದರೂ ಒಂದೇ ಹೆಸರಿನ ಇಬ್ಬರು ಒಂದೇ ಸಂಘದಲ್ಲಿ ಇರುತ್ತಾರೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ತಾಲ್ಲೂಕಿನ ಅಕ್ಷರ, ಸಂಘದ ಸಂಖ್ಯೆ, ಸದಸ್ಯೆಯ ಸಂಖ್ಯೆ. 'ನಾ-14-07' ಅಂದರೆ ನಾಗಮಂಗಲದ 14ನೇ ಸಂಘದ 7ನೇ ಸದಸ್ಯೆ. ಅವರು ಸಂಘ ಬಿಟ್ಟರೂ ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ಕೊಟ್ಟರೆ ಹಳೇ ಸಾಲದ ಲೆಕ್ಕ ಹೊಸಬರ ತಲೆಗೆ ಬರುತ್ತದೆ.

ಊರಿನ ತೊಡಕು

ನಮ್ಮ ನಾಲ್ಕು ತಾಲ್ಲೂಕಿನ ಊರುಗಳಿಗೆ ಹೆಸರು ಒಂದೊಂದೇ ಇದ್ದಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ಪಾಂಡವಪುರಕ್ಕೆ ಹಿರೋಡೆ ಅಂತಲೂ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂದರು. ಕೆ.ಆರ್.ಪೇಟೆಯ ಹಳೇ ಹೆಸರು ಅತ್ತಿಗುಪ್ಪೆ. ಈಗ ಕೃಷ್ಣರಾಜಪೇಟೆ ಅಂತ ಪೂರ್ತಿ ಬರೆಯುವವರಿದ್ದಾರೆ, ಕೆ.ಆರ್.ಪೇಟೆ ಅಂತ ಚುಕ್ಕಿ ಇಟ್ಟು ಬರೆಯುವವರಿದ್ದಾರೆ, ಚುಕ್ಕಿ ಇಲ್ಲದೆ ಬರೆಯುವವರೂ ಇದ್ದಾರೆ. "ಕೆ.ಆರ್.ಪೇಟೆಯವರ ಪಟ್ಟಿ ತೆಗಿ" ಅಂದರೆ ಕಂಪ್ಯೂಟರ್ ಚುಕ್ಕಿ ಇಟ್ಟವರನ್ನಷ್ಟೇ ತೆಗೆದುಕೊಡುತ್ತದೆ, ಉಳಿದವರು ಬಿಟ್ಟುಹೋಗುತ್ತಾರೆ. ಸಾಲದ್ದಕ್ಕೆ ಪಕ್ಕದಲ್ಲೇ ಕೆ.ಆರ್.ನಗರ ಇದೆ, ಕೆ.ಆರ್.ಸಾಗರ ಇದೆ. ಆದ್ದರಿಂದ ತಾಲ್ಲೂಕಿನ ಹೆಸರು ಯಾರೂ ಕೈಯಲ್ಲಿ ಟೈಪ್ ಮಾಡುವುದಿಲ್ಲ. ನಾಲ್ಕು ಹೆಸರು ಮೊದಲೇ ಹಾಕಿಟ್ಟಿರುತ್ತೇವೆ, ಒಂದನ್ನು ಆರಿಸಿದರೆ ಸಾಕು.

ಹೊಸಹಳ್ಳಿ, ಕೊಪ್ಪಲು ಅಂತ ಕೊನೆಯಾಗುವ ಊರುಗಳು ನಮ್ಮ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು. ಬರೀ ಹೊಸಹಳ್ಳಿ ಅಂತ ಬರೆದರೆ ಯಾವ ಹೊಸಹಳ್ಳಿ? ಹೋಬಳಿ ಬೇಕೇ ಬೇಕು.

ಪಿನ್ ಕೋಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಪಿನ್ ಕೋಡ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಯಲ್ಲಿ ಮೊದಲ ಮೂರು, ಅಂದರೆ ನಮ್ಮ 571, ಪತ್ರ ಯಾವ ಭಾಗಕ್ಕೆ ಹೋಗಬೇಕು ಅಂತ ಹೇಳುತ್ತದೆ. ಕೊನೆಯ ಮೂರು, ಪತ್ರ ಬಟವಾಡೆ ಮಾಡುವ ಅಂಚೆ ಕಚೇರಿಯದು. ಶ್ರೀರಂಗಪಟ್ಟಣ 571438, ಪಾಂಡವಪುರ 571434, ಕೆ.ಆರ್.ಪೇಟೆ 571426, ನಾಗಮಂಗಲ 571432. ಹಾಗಂತ ತಾಲ್ಲೂಕಿಗೆಲ್ಲಾ ಒಂದೇ ಪಿನ್ ಅಂದುಕೊಳ್ಳಬಾರದು. ಮೇಲುಕೋಟೆ ಪಾಂಡವಪುರ ತಾಲ್ಲೂಕಿಗೇ ಸೇರಿದ್ದು, ಆದರೆ ಅದರ ಪಿನ್ 571431. ಕೆ.ಆರ್.ಸಾಗರದ್ದು 571607. ಅಂದರೆ ಪಿನ್ ಕೋಡ್ ತಾಲ್ಲೂಕನ್ನು ನೋಡುವುದಿಲ್ಲ, ಅಂಚೆ ಕಚೇರಿಯನ್ನು ನೋಡುತ್ತದೆ. ನಿಮ್ಮ ಮನೆಗೆ ಬಂದ ಯಾವುದಾದರೂ ಕಾಗದದ ಮೇಲೆ, ಪತ್ರ ನಿಜವಾಗಿ ತಲುಪಿದ ಲಕೋಟೆಯ ಮೇಲೆ, ಇರುವ ಪಿನ್ ನೋಡಿ ಬರೆಸಿ.

ಫೋನ್ ಯಾರದು?

ಫೋನ್ ನಂಬರ್ ಕಾಲಂ ಪಕ್ಕ ಇನ್ನೊಂದು ಚಿಕ್ಕ ಕಾಲಂ ಇದೆ: 'ಫೋನ್ ಯಾರದು'. ಸ್ವಂತದ್ದಾ, ಗಂಡನದಾ, ಮಗನದಾ, ಪಕ್ಕದ ಮನೆಯದಾ? ಇದು ಯಾಕೆ ಬೇಕು ಅಂದರೆ, ಉಳಿತಾಯ, ಸಾಲ, ಆರೋಗ್ಯದ ವಿಷಯ ಎಲ್ಲರ ಕೈಗೂ ಹೋಗಬಾರದು. ಸೀಟಿನ ದುಡ್ಡಿಗೆ ಅಂತ ಗುಟ್ಟಾಗಿ ಉಳಿಸಿದ್ದು ಗಂಡನ ಫೋನಿಗೆ ಮೆಸೇಜ್ ಹೋಗಿ ಮನೆಯಲ್ಲಿ ಜಗಳ ಆದರೆ, ಕಂಪ್ಯೂಟರ್ ಏನು ಮಾಡೀತು? ಫೋನ್ ಸ್ವಂತದ್ದಲ್ಲ ಅಂತ ಬರೆದವರಿಗೆ "ಸಭೆಗೆ ಬನ್ನಿ" ಅನ್ನುವಷ್ಟೇ ಮೆಸೇಜ್ ಹೋಗುತ್ತದೆ, ಉಳಿದದ್ದು ಪ್ರೇರಕಿ ಮುಖತಃ ಹೇಳುತ್ತಾರೆ.

ರೀಚಾರ್ಜ್ ಮಾಡದೆ ಕೆಲವು ತಿಂಗಳು ಬಿಟ್ಟ ಸಿಮ್ ನಿಂತುಹೋಗಿ, ಕಾಲಕ್ರಮದಲ್ಲಿ ಅದೇ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಹಾಗಾಗಿ ನಂಬರ್ ಕೊನೆಯದಾಗಿ ಯಾವಾಗ ಕೇಳಿ ಖಚಿತ ಮಾಡಿಕೊಂಡದ್ದು ಎಂಬ ದಿನಾಂಕವನ್ನೂ ಬರೆಯಬೇಕು.

ನುಡಿ ಅಕ್ಷರ, ಮೊಬೈಲ್ ಅಕ್ಷರ

ಈ ಭಾಗ ಸಂಘದ ಪುಸ್ತಕ ಬರೆಯುವವರಿಗೆ, ಕಂಪ್ಯೂಟರ್ ಕಲಿತ ನಿಮ್ಮ ಮಕ್ಕಳಿಗೆ. ಹಳೇ ಪಟ್ಟಿಗಳು ಬಹಳಷ್ಟು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ನಡೆಸುತ್ತಿದ್ದವು. ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮುತ್ತಿನಂಥ ಕನ್ನಡ, ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಮೊಬೈಲ್‌ನಲ್ಲಿ ನಾವು ಬರೆಯುವುದು ಯೂನಿಕೋಡ್ ಕನ್ನಡ. ಅದರಲ್ಲಿ ಅ, ಆ, ಕ ಎಂಬ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ಹಳೇ ಪಟ್ಟಿಯ ಲಕ್ಷ್ಮಮ್ಮ, ಮೊಬೈಲ್‌ನ ಲಕ್ಷ್ಮಮ್ಮ ಕಣ್ಣಿಗೆ ಒಂದೇ ಕಂಡರೂ ಕಂಪ್ಯೂಟರ್‌ನೊಳಗೆ ಸಂಬಂಧವೇ ಇಲ್ಲ. ಹಾಗಾಗಿ ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಆದರೆ ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತವೆ, ಕಣ್ಣಿಟ್ಟು ಓದಿ ನೋಡಲೇಬೇಕು.

ಫೋನಿನ ಕಾಂಟ್ಯಾಕ್ಟ್ಸ್ ಗೂಗಲ್ ಖಾತೆಯಲ್ಲಿ ಉಳಿಸಿದ್ದರೆ ಅದನ್ನು ಸಿಎಸ್‌ವಿ ಎಂಬ ಫೈಲಾಗಿ ಇಳಿಸಿಕೊಳ್ಳಬಹುದು. ಕಂಪ್ಯೂಟರ್‌ನಲ್ಲಿ ತೆರೆಯುವಾಗ ಎರಡು ವಿಷಯ ಗಮನಿಸಿ. ಅಕ್ಷರದ ಬಗೆ ಕೇಳಿದರೆ ಯುಟಿಎಫ್-8 ಅಂತ ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರೆಲ್ಲ ಕಸವಾಗುತ್ತದೆ. ಫೋನ್ ನಂಬರ್ ಕಾಲಂ 'ಟೆಕ್ಸ್ಟ್' ಅಂತ ಮಾಡಿ. ಹಾಗೆ ಮಾಡದಿದ್ದರೆ ಅದು ಲೆಕ್ಕದ ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ನುಂಗಿಬಿಡುತ್ತದೆ.

ಪಟ್ಟಿ ಯಾರ ಕೈಯಲ್ಲಿ?

ನಮಗೆ ಎಲ್ಲಕ್ಕಿಂತ ಹೆಚ್ಚು ಯೋಚನೆ ಇರುವುದು ಇಲ್ಲಿ. ಹರಿದು ಹಂಚಿಹೋಗಿದ್ದ ಪಟ್ಟಿಗಳನ್ನು ಒಂದು ಕಡೆ ತಂದರೆ ನಮಗೆ ಅನುಕೂಲ, ಕದಿಯುವವರಿಗೂ ಅನುಕೂಲ. ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಹೆಸರು, ಊರು, ಫೋನ್, ಯಾರಿಗೆ ಸಾಲ ಬೇಕು ಎಂಬುದು ಒಂದೇ ಫೈಲಿನಲ್ಲಿ ಸಿಕ್ಕರೆ, ಅದಕ್ಕಾಗಿ ಕಾದು ಕೂತವರು ಎಷ್ಟು ಜನ! ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ನಿಮಗೆ ಗೊತ್ತೇ ಇದೆ. ಚುನಾವಣೆ ಬಂದರೆ ಪಟ್ಟಿ ಕೇಳುವವರೇ ಬೇರೆ.

ವ್ಯಕ್ತಿಯ ವಿವರಗಳನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವವರು ಹೇಗೆ ನಡೆದುಕೊಳ್ಳಬೇಕು ಎಂದು 2023ರಲ್ಲಿ ದೇಶದಲ್ಲಿ ಒಂದು ಕಾಯ್ದೆಯೇ ಆಗಿದೆ. ಯಾತಕ್ಕೆ ಬೇಕು ಅಂತ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಮುಖ್ಯ ಅಂಶ. ಕಾಯ್ದೆ ಇರಲಿ ಬಿಡಲಿ, ಕೇಳುವುದು ಮರ್ಯಾದೆ. ಅದಕ್ಕೆ ನಮೂನೆಯ ಕೊನೆಯಲ್ಲಿ ಮೂರು ಪ್ರಶ್ನೆ ಇಟ್ಟಿದ್ದೇವೆ: ಪತ್ರ ಕಳಿಸಬಹುದಾ, ಫೋನ್ ಮಾಡಬಹುದಾ, ನಿಮ್ಮ ನಂಬರನ್ನು ಒಕ್ಕೂಟದ ಇತರರಿಗೆ ಕೊಡಬಹುದಾ? ಒಂದಕ್ಕೆ ಹೌದು, ಒಂದಕ್ಕೆ ಬೇಡ ಅನ್ನುವ ಹಕ್ಕು ನಿಮಗಿದೆ. ಬೇಡ ಅಂದವರ ಸಾಲವಾಗಲೀ ಸೌಲಭ್ಯವಾಗಲೀ ನಿಲ್ಲುವುದಿಲ್ಲ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಈ ಪಟ್ಟಿಗೆ ಬರೆಯುವುದಿಲ್ಲ. ಪತ್ರ ಕಳಿಸಲು ಅವು ಬೇಕಾಗಿಲ್ಲ, ಬೇಡದ್ದನ್ನು ಇಟ್ಟುಕೊಳ್ಳುವುದು ಬೇಡ. ಸಾಲದ ವಿವರವೂ ಅಷ್ಟೇ, ಅದು ಸಂಘದ ಸಾಲದ ಪುಸ್ತಕದಲ್ಲೇ ಇರಲಿ. ಫೈಲಿಗೆ ಪಾಸ್‌ವರ್ಡ್ ಇರುತ್ತದೆ, ತಿದ್ದುವ ಅಧಿಕಾರ ಇಬ್ಬರಿಗೆ ಮಾತ್ರ. ಪೆನ್‌ಡ್ರೈವ್‌ನಲ್ಲಿ ಯಾರಿಗೂ ಕೊಡುವುದಿಲ್ಲ.

"ವಾಟ್ಸಾಪ್ ಗ್ರೂಪ್ ಇದೆಯಲ್ಲ, ಅದು ಸಾಲದಾ?" ಅಂತ ಕೆಲವರು ಕೇಳುತ್ತಾರೆ. ಸುದ್ದಿ ಹೇಳಲು ಸಾಕು. ಆದರೆ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಊರು ವಿಳಾಸ ಇರುವುದಿಲ್ಲ, ಕೀಪ್ಯಾಡ್ ಫೋನ್ ಇರುವ ಹಿರಿಯರು ಬಹುಪಾಲು ಅದರಲ್ಲಿ ಇರುವುದೇ ಇಲ್ಲ. ಪತ್ರ ಹೆಚ್ಚು ಬೇಕಾಗಿರುವುದು ಅವರಿಗೇ.

ಈಗ ನೀವು ಮಾಡಬೇಕಾದ್ದು

ಮುಂದಿನ ಸಭೆಗೆ ಪ್ರೇರಕಿಯರು ಸದಸ್ಯರಿಗೊಂದು ನಮೂನೆ ತರುತ್ತಾರೆ. ಆ ದಿನ ಪಾಸ್‌ಬುಕ್ ಮತ್ತು ಹಳೆಯ ಒಂದು ಲಕೋಟೆ ಜೊತೆಗೆ ತನ್ನಿ. ಓದಲು ಬಾರದವರಿಗೆ ಪಕ್ಕದವರು ಬರೆದುಕೊಡಿ, ಬರೆದದ್ದನ್ನು ಗಟ್ಟಿಯಾಗಿ ಅಲ್ಲ, ಅವರಿಗಷ್ಟೇ ಕೇಳುವಂತೆ ಓದಿ ಹೇಳಿ. ಹುಟ್ಟಿದ ವರ್ಷ ನೆನಪಿಲ್ಲದಿದ್ದರೆ ಆಧಾರ್‌ನಲ್ಲಿ ಇರುವುದನ್ನು ನೋಡಿ ವರ್ಷ ಮಾತ್ರ ಬರೆಯಿರಿ. ಸ್ತ್ರೀಶಕ್ತಿ ಗುಂಪಿನಲ್ಲೋ ಸಂಜೀವಿನಿಯಲ್ಲೋ ಕೂಡ ಇದ್ದರೆ ಅದನ್ನೂ ಹೇಳಿ, ಒಬ್ಬರಿಗೆ ಎರಡು ಪತ್ರ ಹೋಗುವುದು ತಪ್ಪುತ್ತದೆ.

ಸಂಘ ಬಿಟ್ಟವರು, ತೀರಿಕೊಂಡವರು ಯಾರು ಅಂತ ಅಂದೇ ಗುರುತು ಹಾಕಿಸಿ. ತೀರಿಕೊಂಡವರ ಹೆಸರಿಗೆ ಸಭೆಯ ಆಹ್ವಾನ ಬಂದರೆ ಮನೆಯವರಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ಅವರ ಸಾಲನ್ನು ಅಳಿಸಿಹಾಕುವುದಿಲ್ಲ, 'ಪತ್ರ ಬೇಡ' ಅಂತ ಗುರುತು ಮಾಡುತ್ತೇವೆ. ವಿಮೆ ಹಣ ಬರಬೇಕಾಗಿದ್ದರೆ ಆ ಮನೆಯ ವಿಳಾಸ ಆಗಲೂ ಬೇಕಾಗುತ್ತದೆ.

ಎಲ್ಲಾ ತಾಲ್ಲೂಕನ್ನೂ ಒಟ್ಟಿಗೆ ಶುರು ಮಾಡುವುದಿಲ್ಲ. ಮೊದಲು ಪಾಂಡವಪುರ ತಾಲ್ಲೂಕಿನ ಕೆಲವು ಸಂಘಗಳ ಪಟ್ಟಿ ಜೋಡಿಸಿ, ಪ್ರತಿಯೊಬ್ಬರಿಗೂ ಒಂದು ಪರೀಕ್ಷೆಯ ಕಾರ್ಡ್ ಅಂಚೆಯಲ್ಲಿ ಹಾಕುತ್ತೇವೆ. ಕಾರ್ಡ್ ಬಂದ ಸದಸ್ಯರು ಅದನ್ನು ಮುಂದಿನ ಸಭೆಗೆ ತಂದು ತೋರಿಸಬೇಕು. ಬಾರದೇ ಇದ್ದವರು "ಬರಲಿಲ್ಲ" ಅಂತ ತಪ್ಪದೆ ಹೇಳಬೇಕು, ಸಂಕೋಚ ಬೇಡ. ಕಾರ್ಡ್ ಮೇಲೆ ಹೆಸರಿನಲ್ಲಿ ಒಂದು ಒತ್ತು ತಪ್ಪಿದ್ದರೂ ಪೆನ್ನಿನಲ್ಲಿ ತಿದ್ದಿ ಪ್ರೇರಕಿಗೆ ವಾಪಸ್ ಕೊಡಿ. ಅದು ಸರಿಹೋದ ಮೇಲೆ ಶ್ರೀರಂಗಪಟ್ಟಣ, ಆಮೇಲೆ ಕೆ.ಆರ್.ಪೇಟೆ, ನಾಗಮಂಗಲ. ನಂತರ ಪ್ರತಿ ಆರು ತಿಂಗಳಿಗೊಮ್ಮೆ ಸಂಘದ ಪಟ್ಟಿಯ ಪ್ರಿಂಟ್ ಸಭೆಗೆ ಬರುತ್ತದೆ. ನಿಮ್ಮ ನಿಮ್ಮ ಸಾಲು ನೋಡಿ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ನಡಾವಳಿ ಪುಸ್ತಕದಲ್ಲಿ ಅದನ್ನು ದಾಖಲಿಸಿ.